ಹಾವಸೆ ಎಲೆ ಕತ್ತರಿಸಿ 48 ಗಂಟೆ ಆಯ್ತು, ಅಂಚಿನ ಕೆಲವೇ ಕೋಶ ಚಿಗುರಿವೆ. ಯಾಕೆ?

ತೇವದಗೋಡೆ

ಫಿಸ್ಕೋಮೈಟ್ರೆಲ್ಲಾ ಪೇಟೆನ್ಸ್ ಹಾವಸೆಯ (ಮಾಸ್) ಎಲೆ ಕತ್ತರಿಸಿ ಪುನರುತ್ಪತ್ತಿ ನೋಡ್ತಾ ಇದ್ದೇನೆ. ಗ್ರಾನ್ಸ್‌ಡೆನ್ ತಳಿ, ನಾಲ್ಕು ವಾರದ ಗಿಡ, ಬಿಸಿಡಿಎಟಿ ಅನ್ನುವ ಲವಣದ ಮಾಧ್ಯಮ, 0.8% ಅಗಾರ್, 25 ಡಿಗ್ರಿ, ಹಗಲು ರಾತ್ರಿ ಬಿಳಿ ಬೆಳಕು. ಎಲೆಯ ತುದಿಯ ಕಡೆಯ ಅರ್ಧ ಭಾಗ ಕತ್ತರಿಸಿ ಮಾಧ್ಯಮದ ಮೇಲೆ ಮಲಗಿಸಿದ್ದು.

48 ಗಂಟೆಗೆ ಮೂರು ಬಗೆ ಕಾಣ್ತಿದೆ. ಕೆಲವು ಎಲೆಗಳಲ್ಲಿ ಕತ್ತರಿಸಿದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಉಬ್ಬಿ ಹೊರಗೆ ಬಂದಿದೆ, ಅದರ ಪಕ್ಕದ್ದು ಸುಮ್ಮನೆ ಕೂತಿದೆ. ಕೆಲವು ಎಲೆಗಳಲ್ಲಿ ಏನೇನೂ ಇಲ್ಲ. ಒಂದೆರಡರಲ್ಲಿ ಅಂಚು ಬಿಟ್ಟು ಎಲೆಯ ನಡುವೆ ಎಳೆ ಎದ್ದಿದೆ. ಕತ್ತರಿಸಿದ ಅಂಚಿನ ಕೋಶಗಳೆಲ್ಲ ಕಾಂಡಕೋಶ (ಸ್ಟೆಮ್ ಸೆಲ್) ಆಗ್ತವೆ ಅಂತ ಓದಿದ್ದೆ. ತಪ್ಪು ಮಾಧ್ಯಮದ್ದೋ ಕೈದೋ? ಆ 48 ಗಂಟೆಯಲ್ಲಿ ಕೋಶದ ಒಳಗೆ ಏನೇನು, ಯಾವ ಕ್ರಮದಲ್ಲಿ ನಡೆಯುತ್ತೆ ಅಂತಲೂ ಗೊತ್ತಿದ್ದವರು ಬಿಡಿಸಿ ಹೇಳಿ.

ಎಳೆಎಳೆ

ಮೇಲಿನಿಂದ ಎಷ್ಟನೇ ಎಲೆ? ಯಾವುದರಿಂದ ಕತ್ತರಿಸಿದ್ರಿ? ಇವೆರಡು ಗೊತ್ತಾಗದೆ ಏನೂ ಹೇಳೋಕಾಗಲ್ಲ.

ಬೆಂಚಿನಪಕ್ಕ

ಮೊದಲನೇ ಬಗೆ ತಪ್ಪೇ ಅಲ್ಲ, ಅದೇ ಸರಿಯಾದ ಫಲಿತಾಂಶ. ಅಂಚಿನ ಕೋಶಗಳಲ್ಲಿ ಕೆಲವು ಮಾತ್ರ ಬದಲಾಗುತ್ತವೆ. ಎಲ್ಲವೂ ಎದ್ದು ನಿಂತರೆ ಅದೇ ಅನುಮಾನಕ್ಕೆ ಕಾರಣ. ಎರಡನೇ, ಮೂರನೇ ಬಗೆ ಮಾತ್ರ ಕೈಚಳಕದ ಸಮಸ್ಯೆ.

ಇನ್ನೊಂದು ತಿದ್ದುಪಡಿ. ಕತ್ತಿ ಹಾದುಹೋದ ಕೋಶ ಚಿಗುರುವುದಿಲ್ಲ, ಅದು ಆಗಲೇ ಸತ್ತಿರುತ್ತೆ. ಅದರ ಬೆನ್ನಿಗಿರುವ, ಗೋಡೆ ಹರಿಯದ ಮೊದಲ ಜೀವಂತ ಕೋಶವೇ ಬದಲಾಗೋದು. ಆದ್ದರಿಂದ ಎಣಿಸುವಾಗ ಹಸಿರು ಕಳೆದುಕೊಂಡ ಖಾಲಿ ಗೂಡುಗಳ ಸಾಲನ್ನು ಬಿಟ್ಟು, ಅದರ ಹಿಂದಿನ ಸಾಲಿನಿಂದ ಶುರು ಮಾಡಿ.

ಹೆಸರುಸರಿಯಾಗಲಿ

ಈಗ ಅದರ ಹೆಸರು ಫಿಸ್ಕೋಮೈಟ್ರಿಯಂ ಪೇಟೆನ್ಸ್. ಫಿಸ್ಕೋಮೈಟ್ರೆಲ್ಲಾ ಹಳೆಯದು. ಹಳೇ ಪ್ರಬಂಧ ಹುಡುಕುವಾಗ ಎರಡೂ ಹೆಸರು ಹಾಕಿ, ಇಲ್ಲದಿದ್ರೆ ಅರ್ಧಕ್ಕರ್ಧ ಸಿಗಲ್ಲ.

ತೇವದಗೋಡೆ

ಸ್ಕ್ಯಾಲ್ಪೆಲ್, 11ನೇ ನಂಬರ್ ಬ್ಲೇಡ್. ಎಲೆ ಸಿಕ್ಕಿದ್ದು ತಗೊಂಡಿದ್ದು, ಎಷ್ಟನೇದು ಅಂತ ಲೆಕ್ಕ ಇಟ್ಟಿಲ್ಲ. ಫೋರ್ಸೆಪ್ಸ್‌ನಲ್ಲಿ ಎಲೆ ಹಿಡಿದು ಕಿತ್ತು, ಒಣ ಪ್ಲೇಟ್ ಮೇಲೆ ಇಟ್ಟು ಕತ್ತರಿಸಿದೆ.

ಎಳೆಎಳೆ

ಹಾಗಾದರೆ ಮೂರಕ್ಕೂ ಉತ್ತರ ಸಿಕ್ಕಂತೆಯೇ.

ಎಲೆಯ ವಯಸ್ಸು ತುಂಬಾ ಮುಖ್ಯ. ತುದಿಯ ಮೊಗ್ಗಿಗೆ ಅಂಟಿದ ಎಳೆ ಎಲೆಗಳು ಇನ್ನೂ ಹಿಗ್ಗುತ್ತಾ ಇರ್ತವೆ. ಅಲ್ಲಿ ಕೋಶ ದೊಡ್ಡದಾದದ್ದು ಬೆಳವಣಿಗೆಯಿಂದಲೋ ಗಾಯದಿಂದಲೋ ಹೇಳೋಕಾಗಲ್ಲ. ಬುಡದ ಎಲೆಗಳು ಕಂದು ತಿರುಗಿದ್ದು, ನಿಧಾನ. ಮೊಗ್ಗಿನ ಗೊಂಚಲು ಬಿಟ್ಟು, ಪೂರ್ತಿ ಬಿಡಿಸಿಕೊಂಡ ನಡುವಿನ ಎಲೆ ತಗೊಳ್ಳಿ. ಎಷ್ಟನೇದು ಅನ್ನೋದಕ್ಕಿಂತ ಪ್ರತಿ ಗಿಡದಲ್ಲೂ ಅದೇ ಸ್ಥಾನದ್ದು ಅನ್ನೋದು ದೊಡ್ಡದು.

ಫೋರ್ಸೆಪ್ಸ್‌ನಿಂದ ಎಲೆಯನ್ನು ಹಿಡಿಯಲೇಬೇಡಿ. ಇಡೀ ಗಿಡವನ್ನು ಬುಡದಲ್ಲಿ ಹಿಡಿದು ಎತ್ತಿ, ಹಸಿ ಅಗಾರ್ ತುಂಡಿನ ಮೇಲೆ ಮಲಗಿಸಿ, ಒಂದು ಹನಿ ಬರಡುಗೊಳಿಸಿದ ನೀರು ಬಿಡಿ. ಎಲೆ ತಾನೇ ಚಪ್ಪಟೆಯಾಗಿ ತೇಲಿಕೊಳ್ಳುತ್ತೆ. ಹೊಸ ಎರಡಂಚಿನ ಶೇವಿಂಗ್ ಬ್ಲೇಡ್ ಉದ್ದುದ್ದ ಮುರಿದು ಹೋಲ್ಡರ್‌ಗೆ ಸಿಕ್ಕಿಸಿ, ಎಲೆಗೆ ಅಡ್ಡಲಾಗಿ ಒಂದೇ ಸಲ ಮೇಲಿನಿಂದ ಒತ್ತಿ. ಗರಗಸದ ಹಾಗೆ ಎಳೆಯಬೇಡಿ. ಸ್ಕ್ಯಾಲ್ಪೆಲ್ ಬ್ಲೇಡಿನ ಅಂಚು ಈ ಕೆಲಸಕ್ಕೆ ದಪ್ಪ, ಒಂದೇ ಕೋಶದಷ್ಟು ದಪ್ಪದ ಎಲೆಯನ್ನು ಕತ್ತರಿಸುವ ಬದಲು ಜಜ್ಜುತ್ತೆ. ಆಗ ಅಂಚಿನಲ್ಲಿ ಒಂದು ಸಾಲಿನ ಬದಲು ಮೂರು ನಾಲ್ಕು ಸಾಲು ಸಾಯುತ್ತೆ. ಕತ್ತರಿಸಿದ ಅರ್ಧವನ್ನು ಬ್ಲೇಡಿನ ಮೂಲೆಯಿಂದ ಅಥವಾ ತೆಳು ಸೂಜಿಯಿಂದ ನೀರಿನ ಸಮೇತ ಎತ್ತಿ ಮಾಧ್ಯಮಕ್ಕೆ ಸಾಗಿಸಿ.

ಏನೂ ಆಗದ ಎಲೆಗಳು ಬಹುಶಃ ಆ ಒಣ ಪ್ಲೇಟಿನ ಮೇಲೆ ಒಣಗಿದವು. ಲ್ಯಾಮಿನಾರ್ ಪೆಟ್ಟಿಗೆಯಲ್ಲಿ ಬೀಸುವ ಶುದ್ಧ ಗಾಳಿಗೆ ಒಡ್ಡಿದರೆ ಹಾವಸೆ ಎಲೆ ಮುದುರೋಕೆ ನಿಮಿಷವೂ ಬೇಡ. ಅದಕ್ಕೆ ನಮ್ಮ ದಾಸವಾಳದ ಎಲೆಗಿರುವಂಥ ದಪ್ಪ ಮೇಣದ ಪದರ ಇಲ್ಲ. ಕೋಶದ ಹಸಿರು ಭಾಗ ಗೋಡೆ ಬಿಟ್ಟು ಒಳಗೆ ಮುದ್ದೆಯಾಗಿ ಕೂತಿದ್ದರೆ ಒಣಗಿದ್ದು ಖಚಿತ.

ಮಲೆನಾಡಮಳೆ

ನಡುವೆ ಎದ್ದ ಎಳೆ ಫೋರ್ಸೆಪ್ಸ್ ಹಲ್ಲಿನ ಗುರುತು ಮಾರಾಯ್ರೆ! ಆ ಎಳೆಯ ಪಕ್ಕ ಒಂದೆರಡು ಸತ್ತ ಕೋಶ ಇದೆಯಾ ನೋಡಿ. ಪ್ರೋಪಿಡಿಯಂ ಅಯೋಡೈಡ್ ಒಂದು ಹನಿ ಹಾಕಿದ್ರೆ ಸತ್ತ ಕೋಶದ ನ್ಯೂಕ್ಲಿಯಸ್ ಕೆಂಪಗೆ ಹೊಳೆಯುತ್ತೆ, ಬದುಕಿರೋದರಲ್ಲಿ ಗೋಡೆ ಮಾತ್ರ ಬಣ್ಣ ಹಿಡಿಯುತ್ತೆ. ಗ್ಲೌಸ್ ಹಾಕ್ಕೊಳ್ಳಿ, ಅದು ಡಿಎನ್ಎಗೆ ಅಂಟೋ ವಸ್ತು.

ಪದಕೋಶಿ

ದಯವಿಟ್ಟು "ಕಾಂಡಕೋಶ" ಬಿಡಿ. ಪತ್ರಿಕೆಗಳು ವೈದ್ಯಕೀಯ ಸುದ್ದಿಗೆ ಬಳಸಿ ಬಳಸಿ ರೂಢಿಯಾಗಿದೆ, ಆದರೆ ಗಿಡದ ವಿಷಯದಲ್ಲಿ ಕಾಂಡಕೋಶ ಅಂದರೆ ಕಾಂಡದಲ್ಲಿರುವ ಕೋಶ ಅಂತಲೇ ಓದುಗರಿಗೆ ಅರ್ಥವಾಗೋದು. ಇಲ್ಲಿ ಎಲೆಯ ಕೋಶ "ಕಾಂಡಕೋಶ" ಆಯ್ತು ಅಂದ್ರೆ ಎಲೆ ಹೋಗಿ ದಂಟಾಯ್ತು ಅನ್ನಿಸುತ್ತೆ. "ಆಕರಕೋಶ" ಅನ್ನಿ.

ಬೆಂಚಿನಪಕ್ಕ

ಒಪ್ಪಿದೆ, ಆಕರಕೋಶವೇ ಸರಿ. ಈಗ ಒಳಗಿನ ಕಥೆಗೆ ಬರೋಣ.

ಎಲೆಯ ಕೋಶ ಕತ್ತರಿಸಿದ ಮೇಲೆ ಮತ್ತೆ ಎಲೆಯನ್ನು ಕಟ್ಟುವುದಿಲ್ಲ. ಅದು ಕ್ಲೋರೋನೀಮದ ತುದಿಕೋಶ ಆಗುತ್ತೆ. ಬೀಜಕ ಮೊಳೆತಾಗ ಮೊದಲು ಹೊರಬರುವ ಹಸಿರು ಎಳೆ ಇದೆಯಲ್ಲ, ಪ್ರೋಟೋನೀಮ, ಆ ಹಂತಕ್ಕೆ ನೇರ ಹೋಗುತ್ತೆ. ಕ್ಲೋರೋನೀಮ ಅದರ ಒಂದು ಬಗೆ. ಆ ಎಳೆ ಕವಲೊಡೆದು, ಮೊಗ್ಗು ಬಿಟ್ಟು, ಆಮೇಲೆ ಹೊಸ ಎಲೆಗಿಡ. ಹೂಬಿಡುವ ಸಸ್ಯಗಳಲ್ಲಿ ಮಾಡುವ ಹಾಗೆ ಆಕ್ಸಿನ್, ಸೈಟೋಕೈನಿನ್ ಸುರಿದು ಕ್ಯಾಲಸ್ ಗಡ್ಡೆ ಎಬ್ಬಿಸುವ ಗೋಜಿಲ್ಲ. ಹಾರ್ಮೋನ್ ಇಲ್ಲದ ಬರೀ ಲವಣದ ಮಾಧ್ಯಮ ಸಾಕು. ಈ ಹಾವಸೆಯನ್ನು ಇದಕ್ಕೆ ಆರಿಸಿಕೊಳ್ಳುವುದೂ ಅದಕ್ಕೇ: ಒಂದು ಕೋಶ ಇನ್ನೊಂದಾಗುವುದು ನಡುವೆ ಗೊಂದಲದ ಗುಂಪಿಲ್ಲದೆ, ಒಂದೇ ಪದರದಲ್ಲಿ, ಕಣ್ಣೆದುರೇ ನಡೆಯುತ್ತೆ.

ಕ್ರಮ ಹೀಗೆ. ಕತ್ತರಿಸಿದ ಮೇಲೆ ಅಂಚಿನ ಕೋಶಗಳಲ್ಲಿ ಕೋಶಚಕ್ರ ಶುರುಮಾಡಿಸುವ ಸೈಕ್ಲಿನ್ ಡಿ ಜೀನ್ ಚುರುಕಾಗುತ್ತೆ, ಜೊತೆಗೆ ಸಿಡಿಕೆಎ ಅನ್ನುವ ಕೈನೇಸ್‌ನ (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಕೆಲಸ ಏರುತ್ತೆ. ಎಲೆಯಾದ ಮೇಲೆ ನಿಂತುಹೋಗಿದ್ದ ಕೋಶಚಕ್ರ ಮತ್ತೆ ತಿರುಗಲು ಶುರು. ಡಿಎನ್ಎ ನಕಲಾಗುತ್ತೆ, ನ್ಯೂಕ್ಲಿಯಸ್ ಉಬ್ಬಿ ಕತ್ತರಿಸಿದ ಕಡೆಗೆ ಸರಿಯುತ್ತೆ. ಪ್ರೋಟೋನೀಮಕ್ಕೆ ಸೇರಿದ ಜೀನ್‌ಗಳು ಎಚ್ಚರಗೊಳ್ಳುತ್ತವೆ. 24ರಿಂದ 48 ಗಂಟೆಯೊಳಗೆ ಗೋಡೆಯ ಒಂದು ಜಾಗ ಮೆತ್ತಗಾಗಿ ಹೊರಗೆ ಉಬ್ಬುತ್ತೆ.

40ರ ಆಬ್ಜೆಕ್ಟಿವ್‌ನಲ್ಲಿ ಆ ಹೊತ್ತಿಗೆ ಕಾಣುವುದನ್ನು ಸಾವಕಾಶ ನೋಡಿ. ಸುಮ್ಮನಿರುವ ಕೋಶದಲ್ಲಿ ಕ್ಲೋರೋಪ್ಲಾಸ್ಟ್‌ಗಳು ಹೆಸರುಕಾಳು ಹರಡಿದ ಹಾಗೆ ಗೋಡೆಗುಂಟ ಸಮವಾಗಿ ಒತ್ತಿಕೊಂಡಿರ್ತವೆ. ಬದಲಾಗುತ್ತಿರುವ ಕೋಶದಲ್ಲಿ ಆ ಸಮತೆ ಹೋಗಿರುತ್ತೆ. ಮೂಲೆಯೊಂದರಲ್ಲಿ ಗೋಡೆ ಬೆರಳ ತುದಿಯಂತೆ ದುಂಡಗೆ ಹೊರಚಾಚಿ, ಅದರ ತುತ್ತತುದಿ ಹಸಿರಿಲ್ಲದೆ ತಿಳಿಯಾಗಿ, ಹಿಂದೆ ಕ್ಲೋರೋಪ್ಲಾಸ್ಟ್‌ಗಳು ಸಾಲುಗಟ್ಟಿರ್ತವೆ. ಆಮೇಲೆ ಅಡ್ಡಗೋಡೆ ಬೀಳುತ್ತೆ. ಗೋಡೆಯ ಈಚೆಗೆ ಉಳಿದದ್ದು ಎಲೆಕೋಶದ ಹಳೇ ಚೌಕ, ಆಚೆಗಿನದು ಹೊಸ ತುದಿಕೋಶ. ಒಂದೇ ವಿಭಜನೆ, ಎರಡು ಬೇರೆ ಹಣೆಬರಹ.

ಜೀನ್‌ಜಾಡು

ಅಂದ್ರೆ ಮುಖ್ಯ ಕೆಲಸ ವಿಭಜನೆ ತಾನೇ? ವಿಭಜನೆ ತಡೆದರೆ ಪುನರುತ್ಪತ್ತಿಯೇ ಇಲ್ಲ.

ಬೆಂಚಿನಪಕ್ಕ

ಅಲ್ಲ. ಎಲ್ಲರೂ ಎಡವೋದು ಇಲ್ಲೇ. ಅಫಿಡಿಕೋಲಿನ್ ಕೊಟ್ಟು ಡಿಎನ್ಎ ನಕಲಾಗುವುದನ್ನು ತಡೆದಾಗ ಕೋಶಚಕ್ರ ನಿಂತಿತು, ಆದರೆ ತುದಿಬೆಳವಣಿಗೆ ನಿಲ್ಲಲಿಲ್ಲ, ಪ್ರೋಟೋನೀಮದ ಜೀನ್‌ಗಳೂ ಎದ್ದವು. 2011ರಲ್ಲಿ ಜಪಾನಿನ ಒಕಾಝಾಕಿಯ ತಂಡ ಇದನ್ನು ತೋರಿಸಿತು. ಸಿಡಿಕೆ ಕೆಲಸವನ್ನೇ ತಡೆದರೆ ಮಾತ್ರ ಪುನರುತ್ಪತ್ತಿಯೇ ಕುಂಠಿತ. ಹಾಗಾಗಿ ವಿಭಜನೆ ಒಂದು ದಾರಿ, ರೂಪ ಬದಲಾಗೋದು ಇನ್ನೊಂದು ದಾರಿ, ಸಿಡಿಕೆಎ ಎರಡನ್ನೂ ಜೋಡಿಸುವ ಕೊಂಡಿ.

ಜೀನ್‌ಜಾಡು

ಸರಿ ಸರ್, ಅದು ನನಗೆ ಬಿಟ್ಟುಹೋಗಿತ್ತು. ಹಾಗಿದ್ರೆ ತೇವದಗೋಡೆಯವರು ಅಫಿಡಿಕೋಲಿನ್ ಮಾಡುವುದಾದರೆ ಅದನ್ನು ಕರಗಿಸುವ ಡಿಎಂಎಸ್ಓ ಮಾತ್ರ ಹಾಕಿದ ಪ್ಲೇಟ್ ಜೊತೆಗೆ ಇಡಲೇಬೇಕು. ಡಿಎಂಎಸ್ಓ ಜಾಸ್ತಿಯಾದರೆ ಅದೊಂದೇ ಬೆಳವಣಿಗೆ ನಿಧಾನ ಮಾಡುತ್ತೆ. ಡಿಎನ್ಎ ನಕಲಾಯಿತೇ ಅಂತ ನೋಡೋಕೆ ಇಡಿಯು (ಹೊಸ ಡಿಎನ್ಎಗೆ ಸೇರಿಕೊಳ್ಳುವ ಗುರುತು ವಸ್ತು) ಬಳಸಿ, 10 ಮೈಕ್ರೋಮೋಲಾರ್‌ನಿಂದ ಶುರು ಮಾಡಬಹುದು. ಅದಕ್ಕೆ ಹೊಳೆಯುವ ಬಣ್ಣ ಅಂಟಿಸುವ ತಾಮ್ರದ ಕ್ಲಿಕ್ ಕ್ರಿಯೆ ಮಾಡುವಾಗ ಅಸ್ಕಾರ್ಬಿಕ್ ಆಮ್ಲದ ದ್ರಾವಣ ಅವತ್ತಿನದೇ ಆಗಿರಲಿ. ಹಳದಿ ತಿರುಗಿದ್ದು ಹಾಕಿದರೆ ಬೆಳಕೇ ಬರಲ್ಲ.

ಗೋಡೆ ಮೆತ್ತಗಾಗುವ ಬಗ್ಗೆ ಒಂದು ಮಾತು ಸೇರಿಸ್ತೀನಿ. ಡಬ್ಲ್ಯುಓಎಕ್ಸ್13 ಗುಂಪಿನ ಎರಡು ಜೀನ್ ತೆಗೆದುಹಾಕಿದ ಹಾವಸೆಯಲ್ಲಿ ಎಲೆ ಕತ್ತರಿಸಿದರೆ ಆ ಉಬ್ಬು ಶುರುವಾಗುವುದೇ ಇಲ್ಲ, ಗೋಡೆ ಸಡಿಲಿಸುವ ಜೀನ್‌ಗಳು ಏರುವುದಿಲ್ಲ. ಅದೇ ಗಿಡದಲ್ಲಿ ಯುಗ್ಮಜವೂ ಭ್ರೂಣವಾಗಿ ಬೆಳೆಯಲ್ಲ. ಎಲೆಯ ಅಂಚಿನ ಕೋಶಕ್ಕೂ ಫಲಿತ ಅಂಡಕ್ಕೂ ಹೊರಡುವ ಮೊದಲ ಹೆಜ್ಜೆಗೆ ಅದೇ ಕೀಲಿ ಬೇಕು. ನನಗಂತೂ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಇಲ್ಲ.

ಎಳೆಎಳೆ

ಪಕ್ಕದ ಕೋಶ ಯಾಕೆ ಸುಮ್ಮನಿರುತ್ತೆ ಅನ್ನೋದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಎಲೆಯಲ್ಲಿ ಉಳಿದ ಕೋಶ ಕೊಂದು ಒಂದೇ ಒಂದು ಕೋಶವನ್ನು ಜೀವಂತ ಉಳಿಸಿದರೆ ಅದು ತಾನಾಗಿ ಆಕರಕೋಶವಾಗುತ್ತೆ. ಅಕ್ಕಪಕ್ಕದ ಎರಡನ್ನು ಉಳಿಸಿದರೆ ಅವುಗಳಲ್ಲಿ ಒಂದೇ ಬದಲಾಗೋದು. ಬದಲಾಗುತ್ತಿರುವ ಕೋಶ ಪಕ್ಕದ್ದನ್ನು ತಡೆಯುತ್ತೆ, 2017ರ ಕೆಲಸ ಇದು. ನಿಮ್ಮ ಅಂಚಿನಲ್ಲಿ ಕಂಡ "ಅಲ್ಲೊಂದು ಇಲ್ಲೊಂದು" ಇದೇ. ಜಜ್ಜಿದ ಅಂಚಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತೆ. ನಡುನಡುವೆ ಕೋಶಗಳು ಸತ್ತು ಒಂಟಿ ದ್ವೀಪಗಳಾದಾಗ, ತಡೆಯುವ ನೆರೆ ಇಲ್ಲದೆ ಹೆಚ್ಚು ಕೋಶ ಏಳುತ್ತೆ. ಒಂದು ಗುಂಪಿನ ಎಲೆ ಚೆನ್ನಾಗಿ, ಇನ್ನೊಂದು ಗುಂಪಿನದು ಒರಟಾಗಿ ಕತ್ತರಿಸಿ ಹೋಲಿಸಿದರೆ ಸುಳ್ಳು ವ್ಯತ್ಯಾಸ ಸಿಗೋದು ಹೀಗೇ.

ಗೋಡೆಹಸಿರು

ಸ್ವಲ್ಪ ಬೇರೆ ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಮುರಕಲ್ಲಿನ ಪಾಗಾರದ ಮೇಲೆ ಬರುವ ಪಾಚಿಯಲ್ಲಿ ಇದನ್ನು ನೋಡಬಹುದಾ? ಡಿಗ್ರಿ ಪುಸ್ತಕದಲ್ಲಿ ಫ್ಯುನೇರಿಯಾ ಅಂತ ಓದಿದ ನೆನಪು.

ಪದಕೋಶಿ

ಪಾಚಿ ಅಲ್ಲ, ಹಾವಸೆ. ಅಂಗಳದಲ್ಲಿ ಕಾಲು ಜಾರಿಸುವ ಲೋಳೆ ಪಾಚಿ, ಅದರಲ್ಲಿ ಎಲೆ ದಂಟು ಇಲ್ಲ. ಗೋಡೆ ಮೇಲೆ ಮಖಮಲ್ ಹಾಗೆ ಇರೋದು ಹಾವಸೆ, ಭೂತಗನ್ನಡಿಯಲ್ಲಿ ನೋಡಿದರೆ ಪುಟ್ಟ ಪುಟ್ಟ ಎಲೆ ಕಾಣುತ್ತೆ.

ಮಲೆನಾಡಮಳೆ

ನಮ್ಮ ಕಡೆ ಎರಡಕ್ಕೂ ಪಾಚಿ ಅಂತಲೇ ಹೇಳೋದು, ಕೆಲವು ಊರಲ್ಲಿ ಹಾವಸೆ ಅಂದ್ರೆ ಕೆರೆಯ ಲೋಳೆ. ಜನರ ಮಾತನ್ನು ತಪ್ಪು ಅನ್ನಬೇಡಿ.

ಪದಕೋಶಿ

ಮಾತಾಡೋಕೆ ಸರಿ. ಪ್ರಯೋಗ ಬರೆಯುವಾಗ ಒಂದಕ್ಕೆ ಒಂದೇ ಹೆಸರು ಬೇಕು. ಪಾಚಿಗೂ ಹಾವಸೆಗೂ ಒಂದೇ ಪದ ಬಳಸಿದರೆ ಎಲೆಯ ಪುನರುತ್ಪತ್ತಿ ಅಂದಾಗ ವಿದ್ಯಾರ್ಥಿಗೆ ಎಲೆಯೇ ಎಲ್ಲಿ ಅನ್ನಿಸುತ್ತೆ.

ಮಲೆನಾಡಮಳೆ

ಬರವಣಿಗೆಗೆ ಒಪ್ಪಿದೆ.

ಗೋಡೆಹಸಿರು, ಖಂಡಿತ ನೋಡಬಹುದು. ಪುಸ್ತಕದಲ್ಲಿ "ಎರಡನೇ ಪ್ರೋಟೋನೀಮ" ಅಂತ ಬರುತ್ತಲ್ಲ, ಗಿಡದ ತುಂಡುಗಳಿಂದ ಏಳುವ ಎಳೆ, ಅದೂ ಇದೂ ಒಂದೇ ಸಂಗತಿ. ಫ್ಯುನೇರಿಯಾ ಫಿಸ್ಕೋಮೈಟ್ರಿಯಂನ ಹತ್ತಿರದ ನೆಂಟ, ಒಂದೇ ಕುಟುಂಬ. ಮುರಕಲ್ಲಿನ ಮೇಲೆ ಹೆಚ್ಚಾಗಿ ಸಿಗೋದು ಹಯೋಫಿಲಾ. ಒಣಗಿದಾಗ ಎಲೆ ಒಳಮಡಚಿ, ನೀರು ಬಿದ್ದ ಕೂಡಲೇ ನಕ್ಷತ್ರದ ಹಾಗೆ ಬಿಡಿಸಿಕೊಳ್ಳುತ್ತೆ. ಆದ್ರೆ ಅದರ ಕೋಶ ಬಹಳ ಚಿಕ್ಕದು, ಮೇಲ್ಮೈ ಉಬ್ಬುಉಬ್ಬು, ಒಳಗೆ ಏನೂ ಸ್ಪಷ್ಟ ಕಾಣಲ್ಲ. ಬ್ರಯಂ ಸಿಕ್ಕರೆ ಅದು ಒಳ್ಳೇದು, ಕೋಶ ಅಗಲ, ತಿಳಿ.

ಕುದಿಸಿ ಆರಿಸಿದ ಮಳೆನೀರಿನಲ್ಲಿ ಎಲೆಯನ್ನು ಏಳೆಂಟು ಸಲ ಜಾಲಿಸಿ, ಬ್ಲೇಡಿನಿಂದ ಅರ್ಧ ಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಫಿಲ್ಟರ್ ಕಾಗದದ ಮೇಲಿಡಿ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ. ಬ್ಲೀಚ್ ಹಾಕಬೇಡಿ, ಒಂದು ಪದರದ ಎಲೆ ಬಿಳುಚಿ ಸಾಯುತ್ತೆ. ಬ್ಲೀಚಿನಲ್ಲಿ ತೊಳೆಯೋದು ಬಾಯಿ ಬಿಡದ ಬೀಜಕಕೋಶಕ್ಕೆ (ಬೀಜಕ ತುಂಬಿದ ಪುಟ್ಟ ಚೀಲ) ಮಾತ್ರ. ಗಡಸು ಬೋರ್‌ವೆಲ್ ನೀರೂ ಬೇಡ, ಸುಣ್ಣ ಕೂರುತ್ತೆ. ಬರಡುಗೊಳಿಸದ ಎಲೆ ಆದ್ದರಿಂದ ವಾರದಲ್ಲಿ ಶಿಲೀಂಧ್ರ ಬರಬಹುದು, ಅದರ ಎಳೆಗೆ ಹಸಿರಿಲ್ಲ, ಹಾವಸೆಯ ಎಳೆಗೆ ಕ್ಲೋರೋಪ್ಲಾಸ್ಟ್ ಇದೆ. ಗುರುತು ಅಷ್ಟು ಸುಲಭ.

ತೇವದಗೋಡೆ

ನಡುವೆ ಎದ್ದ ಎಳೆಯ ಪಕ್ಕ ಸತ್ತ ಕೋಶ ಎರಡು ಎಲೆಗಳಲ್ಲಿ ಸಿಕ್ಕಿತು. ಮೂರನೇದರಲ್ಲಿ ಸಿಗಲಿಲ್ಲ. ಗಾಯವೇ ಇಲ್ಲದೆ ಎಲೆಕೋಶ ಬದಲಾಗಬಹುದಾ?

ಜೀನ್‌ಜಾಡು

ಆಗಬಹುದು ಮೇಡಂ. ಸ್ಟೆಮಿನ್1 ಅನ್ನುವ ನಿಯಂತ್ರಕ ಪ್ರೋಟೀನನ್ನು ಕತ್ತರಿಸದ ಎಲೆಯಲ್ಲಿ ಕೃತಕವಾಗಿ ಹೆಚ್ಚಿಸಿದರೆ ಆ ಕೋಶಗಳೇ ಕ್ಲೋರೋನೀಮ ತುದಿಕೋಶ ಆಗ್ತವೆ, 2019ರ ಕೆಲಸ. ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್ ಮೇಲೆ ಜೀನ್‌ಗಳನ್ನು ಮುಚ್ಚಿಡುವ ಗುರುತು ಒಂದಿದೆ, ಎಚ್3 ಹಿಸ್ಟೋನಿನ 27ನೇ ಲೈಸೀನ್ ಮೇಲೆ ಮೂರು ಮೀಥೈಲ್. ಸ್ಟೆಮಿನ್1 ತಾನು ನೇರ ಮುಟ್ಟುವ ಜೀನ್‌ಗಳ ಮೇಲಿನ ಆ ಬೀಗವನ್ನು, ಕೋಶ ವಿಭಜನೆಯಾಗುವ ಮೊದಲೇ, ಕಡಿಮೆ ಮಾಡುತ್ತೆ. ಮನೆಯ ಎಲ್ಲಾ ಬಾಗಿಲು ತೆರೆಯಲ್ಲ, ಬೇಕಾದ ಕೋಣೆಯದ್ದು ಮಾತ್ರ.

2020ರಲ್ಲಿ ಇನ್ನೊಂದು ಬಂತು. ಇಡೀ ಗಿಡಕ್ಕೆ ಝಿಯೋಸಿನ್ ಕೊಟ್ಟು ಡಿಎನ್ಎ ಎಳೆಯನ್ನು ತಾತ್ಕಾಲಿಕವಾಗಿ ಮುರಿದರೆ, ಕೋಶ ಸಾಯದೆಯೇ, ಕೆಲವು ಎಲೆಕೋಶಗಳಲ್ಲಿ ಸ್ಟೆಮಿನ್1 ಎದ್ದು ಅವು ಆಕರಕೋಶವಾದವು. ಅದಕ್ಕೆ ಡಿಎನ್ಎ ಹಾನಿ ಗುರುತಿಸುವ ಎಟಿಆರ್ ಕೈನೇಸ್ ಬೇಕೇ ಬೇಕು, ಅದೇ ಬಗೆಯ ಎಟಿಎಂ ಬೇಕಿಲ್ಲ. ಹಾಗಾಗಿ ನೀವು ಗಿಡವನ್ನು ಯುವಿ ದೀಪ ಉರಿಯುತ್ತಿದ್ದ ಕ್ಯಾಬಿನೆಟ್‌ನಲ್ಲಿ ತೆರೆದಿಟ್ಟಿದ್ದರೆ ಮೊದಲು ಅದನ್ನು ನಿಲ್ಲಿಸಿ. ಯುವಿಯೂ ಡಿಎನ್ಎಗೆ ಏಟು ಕೊಡುತ್ತೆ, ಆಮೇಲೆ ಯಾವುದು ಕತ್ತರಿಸಿದ್ದರ ಫಲ, ಯಾವುದು ಯುವಿಯದ್ದು ಅಂತ ಬೇರ್ಪಡಿಸಲಾಗದು.

ಎಳೆಎಳೆ

ಯುವಿಗೆ ಹೋಗುವ ಮೊದಲು ಎಲೆಯ ಮಡಿಕೆ ನೋಡಿ. ಮಲಗಿಸುವಾಗ ಎಲೆ ಮಡಚಿದ್ದರೆ ಮಡಿಕೆಯಲ್ಲೂ ಕೋಶ ಬಿರಿಯುತ್ತೆ, ಪ್ರೋಪಿಡಿಯಂ ಎರಡು ದಿನ ತಡವಾಗಿ ಹಾಕಿದರೆ ಆ ಸತ್ತ ಕೋಶದ ನ್ಯೂಕ್ಲಿಯಸ್ ಕರಗಿಹೋಗಿ ಏನೂ ಹೊಳೆಯಲ್ಲ.

ಜೀನ್‌ಜಾಡು

ಹೌದು, ಆ ಸಾಧ್ಯತೆ ಜಾಸ್ತಿ.

ಹೊಸಬೆಳಕು

ಇದು ಯಮನಾಕಾ ಅವರ ಐಪಿಎಸ್ ಕೋಶದ (ದೇಹದ ಸಾಮಾನ್ಯ ಕೋಶದಿಂದ ಮಾಡಿದ ಆಕರಕೋಶ) ಹಾಗೇನಾ?

ಜೀನ್‌ಜಾಡು

ಹೋಲಿಕೆ ಇದೆ, ಒಂದು ಕಡೆ ತುಂಬಾ ಹತ್ತಿರ. 2006ರಲ್ಲಿ ಇಲಿಯ ಕೋಶಕ್ಕೆ ನಾಲ್ಕು ಜೀನ್ ಹೊರಗಿನಿಂದ ಹಾಕಿ ಹಿಂದಿರುಗಿಸಿದರು. 2007ರಲ್ಲಿ ಅಮೆರಿಕದ ಇನ್ನೊಂದು ತಂಡ ಮನುಷ್ಯರ ಕೋಶಕ್ಕೆ ಹಾಕಿದ ನಾಲ್ಕರಲ್ಲಿ ಲಿನ್28 ಒಂದು. ಹಾವಸೆಯ ಪುನರುತ್ಪತ್ತಿಗೆ ನೆರವಾಗುವ ಸಿಎಸ್‌ಪಿ1 ಪ್ರೋಟೀನಿನ ರಚನೆ ಲಿನ್28ಕ್ಕೆ ಹೋಲುತ್ತೆ. ಅದರ ಜೀನಿನ ಬಾಲದ ತುಣುಕು ತೆಗೆದಾಗ ಅದರ ಆರ್‌ಎನ್‌ಎ ಹೆಚ್ಚಿ, ಬದಲಾಗುವ ಕೋಶಗಳೂ ಹೆಚ್ಚಾದವು. ಆದರೆ ಹಾವಸೆಗೆ ಹೊರಗಿನಿಂದ ಏನೂ ಹಾಕಬೇಕಿಲ್ಲ, ಬ್ಲೇಡ್ ಸಾಕು.

ಹೊಸಬೆಳಕು

ಅಂದ್ರೆ ಕೋಶ ಯುಗ್ಮಜದ ಹಂತಕ್ಕೆ ಹಿಂದೆ ಹೋಗುತ್ತೆ.

ಬೆಂಚಿನಪಕ್ಕ

ಇಲ್ಲ. ಎಲೆಯೂ ಪ್ರೋಟೋನೀಮವೂ ಒಂದೇ ಸೆಟ್ ವರ್ಣತಂತುಗಳ ಪೀಳಿಗೆ, 27 ವರ್ಣತಂತು. ಯುಗ್ಮಜ ಎರಡು ಸೆಟ್ಟಿನದ್ದು. ಎಲೆಕೋಶ ತನ್ನದೇ ಪೀಳಿಗೆಯ ಹಿಂದಿನ ಹಂತಕ್ಕೆ ಹೋಗುತ್ತೆ ಅಷ್ಟೆ. ಬೀಜಕಕೋಶದ ದಂಟು ಕತ್ತರಿಸಿದರೆ ಕಥೆಯೇ ಬೇರೆ. ಅದು ಎರಡು ಸೆಟ್ಟಿನ ಪೀಳಿಗೆ, ಆದರೂ ಅದರಿಂದ ಪ್ರೋಟೋನೀಮ ಏಳುತ್ತೆ, ಆ ಪ್ರೋಟೋನೀಮವೂ ಎರಡು ಸೆಟ್ಟಿನದ್ದೇ. 1876ರಲ್ಲೇ ಪ್ರಿಂಗ್ಸ್‌ಹೈಮ್, ಸ್ಟಾಲ್ ಇಬ್ಬರೂ ಬೇರೆ ಬೇರೆಯಾಗಿ ದಂಟಿನಿಂದ ಎಳೆ ಎಬ್ಬಿಸಿ ತೋರಿಸಿದ್ದರು. ಹಾಗಾಗಿ ನಿಮ್ಮ ಎಲೆ ಗೊಂಚಲಿನಲ್ಲಿ ಬೀಜಕಕೋಶದ ದಂಟಿನ ತುಂಡು ಸೇರಿಕೊಳ್ಳದ ಹಾಗೆ ನೋಡಿಕೊಳ್ಳಿ.

ಲವಣಲೆಕ್ಕ

ಮಾಧ್ಯಮದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ. ಒಂದು ಲೀಟರ್ ಬಿಸಿಡಿಎಟಿಗೆ ಬಿ, ಸಿ, ಡಿ ಸ್ಟಾಕ್ ತಲಾ 10 ಮಿಲಿ. ಬಿ ಅಂದರೆ ಲೀಟರಿಗೆ 25 ಗ್ರಾಂ ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್. ಸಿ ಅಂದರೆ 25 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಪಿಎಚ್ ಅನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ 6.5ಕ್ಕೆ ತಂದದ್ದು. ಡಿ ಅಂದರೆ 101 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 1.25 ಗ್ರಾಂ ಏಳು ನೀರಿನ ಫೆರಸ್ ಸಲ್ಫೇಟ್. ಮೇಲೆ ಸೂಕ್ಷ್ಮ ಧಾತುಗಳ ದ್ರಾವಣ 1 ಮಿಲಿ, ಅಮೋನಿಯಂ ಟಾರ್ಟ್ರೇಟ್ 920 ಮಿಲಿಗ್ರಾಂ, ಅಂದರೆ 5 ಮಿಲಿಮೋಲಾರ್. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ, ಸ್ವಲ್ಪ ಆರಿದ ಮೇಲೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿಲಿ.

ತಪ್ಪೋದು ಮೂರು ಕಡೆ. ಕ್ಯಾಲ್ಸಿಯಂ ಅನ್ನು ಗಟ್ಟಿ ಫಾಸ್ಫೇಟ್ ಸ್ಟಾಕಿಗೆ ನೇರ ಸುರಿದರೆ ಹಾಲಿನ ಹಾಗೆ ಬಿಳಿಯಾಗಿ ತಳ ಸೇರುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿ ಎರಡು ನೀರಿನದ್ದಾದರೆ 1 ಮೋಲಾರ್‌ಗೆ ಲೀಟರಿಗೆ 147 ಗ್ರಾಂ, ನೀರಿಲ್ಲದ್ದಾದರೆ 111, ಲೇಬಲ್ ಓದದೆ ತೂಗಬೇಡಿ. ಡಿ ಸ್ಟಾಕಿನಲ್ಲಿ ಕಬ್ಬಿಣ ತುಕ್ಕಿನ ಬಣ್ಣದಲ್ಲಿ ತಳ ಕೂತಿರುತ್ತೆ, ಪ್ರತಿ ಸಲವೂ ಚೆನ್ನಾಗಿ ಕುಲುಕಿಯೇ ತೆಗೆಯಬೇಕು. ಮೇಲಿನ ತಿಳಿ ಮಾತ್ರ ಹಾಕಿದ ಮಾಧ್ಯಮದಲ್ಲಿ ಹಾವಸೆ ಹಳದಿ ಕಟ್ಟುತ್ತೆ.

ಗ್ಲೂಕೋಸ್ ಹಾಕಬೇಡಿ, ಎಳೆ ಪ್ರೋಟೋನೀಮದ ಇನ್ನೊಂದು ಬಗೆಯಾದ ಕಾಲೋನೀಮದ ಕಡೆ ವಾಲುತ್ತೆ. ಅಮೋನಿಯಂ ಇದ್ದಷ್ಟೂ ಕ್ಲೋರೋನೀಮ ಹೆಚ್ಚು.

ತೇವದಗೋಡೆ

ಎರಡನ್ನೂ ಗುರುತಿಸೋದು ಹೇಗೆ?

ಲವಣಲೆಕ್ಕ

ಅಡ್ಡಗೋಡೆ ನೆಟ್ಟಗಿದ್ದು ಕ್ಲೋರೋಪ್ಲಾಸ್ಟ್ ಕಿಕ್ಕಿರಿದಿದ್ದರೆ ಕ್ಲೋರೋನೀಮ. ಅಡ್ಡಗೋಡೆ ಓರೆಯಾಗಿ, ಕೋಶ ಉದ್ದವಾಗಿ, ಹಸಿರು ತೆಳುವಾಗಿದ್ದರೆ ಕಾಲೋನೀಮ. ಬೆಳೆಯುವ ವೇಗವೂ ಬೇರೆ, ಮೊದಲನೆಯದರ ತುದಿ ಗಂಟೆಗೆ ಸುಮಾರು 6 ಮೈಕ್ರೋಮೀಟರ್, ಎರಡನೆಯದು ಸುಮಾರು 20. ಎಲೆಯಿಂದ ಮೊದಲು ಬರೋದು ಕ್ಲೋರೋನೀಮವೇ.

ಮಲೆನಾಡಮಳೆ

ಮಾಧ್ಯಮದ ಮೇಲೆ ಸೆಲೋಫೇನ್ ಹಾಸುವವರಿಗೆ ಒಂದು ಮಾತು. ಸ್ಟೇಷನರಿ ಅಂಗಡಿಯಲ್ಲಿ ಉಡುಗೊರೆ ಸುತ್ತೋಕೆ ಕೊಡುವ ಹೊಳೆಯುವ ಹಾಳೆ ಹೆಚ್ಚಾಗಿ ಪ್ಲಾಸ್ಟಿಕ್ಕು, ನೀರೂ ಲವಣವೂ ದಾಟಲ್ಲ, ಎಲೆ ಉಪವಾಸ ಬೀಳುತ್ತೆ. ತುಂಡೊಂದು ನೀರಿಗೆ ಹಾಕಿ. ನಿಜವಾದ ಸೆಲ್ಯುಲೋಸ್ ಹಾಳೆ ಮೆತ್ತಗಾಗುತ್ತೆ. ಸುಟ್ಟರೆ ಕಾಗದದ ಹಾಗೆ ಬೂದಿಯಾಗುತ್ತೆ, ಪ್ಲಾಸ್ಟಿಕ್ ಮುದುರಿ ಕರಗುತ್ತೆ. ಒದ್ದೆ ಫಿಲ್ಟರ್ ಕಾಗದಗಳ ನಡುವೆ ಜೋಡಿಸಿ ಆಟೋಕ್ಲೇವ್ ಮಾಡಿ, ಒಣಗಿಸಿ ಮಾಡಿದರೆ ಸುರುಳಿ ಸುತ್ತಿಕೊಳ್ಳುತ್ತೆ.

ಹೊಸಬೆಳಕು

ಬೆಳಕು ಎಷ್ಟು ಬೇಕು? ಬೆಳಕಿನ ಕಣ ಅಳೆಯುವ ಕ್ವಾಂಟಂ ಮೀಟರ್ ಇಲ್ಲ.

ಲವಣಲೆಕ್ಕ

ಸೆಕೆಂಡಿಗೆ ಚದರ ಮೀಟರಿಗೆ 40 ಮೈಕ್ರೋಮೋಲ್ ಬೆಳಕಿನ ಕಣ ಆಸುಪಾಸು. ಬಿಳಿ ಎಲ್‌ಇಡಿಗೆ ಅದು ಹತ್ತಿರಹತ್ತಿರ 2800 ಲಕ್ಸ್. ಪ್ಲೇಟಿನ ಮುಚ್ಚಳದ ಮಟ್ಟದಲ್ಲಿ ಅಳೆಯಿರಿ. ದೀಪ ತೀರಾ ಹತ್ತಿರವಾದರೆ ಮುಚ್ಚಳಕ್ಕೆ ನೀರಹನಿ ಕಟ್ಟಿ ಎಲೆ ಮೇಲೆ ತೊಟ್ಟಿಕ್ಕುತ್ತೆ.

ತೇವದಗೋಡೆ

ಸೈಕ್ಲಿನ್ ಡಿಗೆ ಹಸಿರು ಹೊಳೆಯುವ ಪ್ರೋಟೀನ್ ಜೋಡಿಸಿದ ತಳಿಯೂ ಇದೆ. ಕತ್ತರಿಸಿದ ಅಂಚಿನಲ್ಲಿ ಮೂರನೇ ಗಂಟೆಗೇ ಹಸಿರು ಬರ್ತಿದೆ. ಇಷ್ಟು ಬೇಗ ಬರುತ್ತಾ?

ಎಳೆಎಳೆ

ಅದನ್ನು ನಂಬಬೇಡಿ. ಗಾಯದ ಅಂಚಿನ ಸತ್ತ ಗೋಡೆಗಳು ತಾವೇ ಹಸಿರು ಹಳದಿ ಹೊಳೆಯುತ್ತವೆ. ಜೋಡಣೆ ಇಲ್ಲದ ಸಾಮಾನ್ಯ ತಳಿಯ ಎಲೆಯನ್ನು ಅದೇ ಹೊತ್ತಿಗೆ ಕತ್ತರಿಸಿ, ಅದೇ ಎಕ್ಸ್‌ಪೋಶರ್‌ನಲ್ಲಿ ನೋಡಿ. ಹೊಳಪು ಗೋಡೆಯಲ್ಲಿದೆಯೋ ನ್ಯೂಕ್ಲಿಯಸ್‌ನಲ್ಲಿದೆಯೋ ಗಮನಿಸಿ, ಸೈಕ್ಲಿನ್ ಗೋಡೆಯಲ್ಲಿ ಕೂರಲ್ಲ. ಫಿಲ್ಟರ್ ಲಾಂಗ್‌ಪಾಸ್ (ಒಂದು ಮಿತಿಯಿಂದಾಚೆಯ ಎಲ್ಲಾ ಬಣ್ಣ ಬಿಡುವಂಥದ್ದು) ಆಗಿದ್ದರೆ ಕ್ಲೋರೋಫಿಲ್‌ನ ಕೆಂಪೂ ಸೇರಿಕೊಳ್ಳುತ್ತೆ, 500ರಿಂದ 530 ನ್ಯಾನೋಮೀಟರ್ ಮಾತ್ರ ಬಿಡುವ ಬ್ಯಾಂಡ್‌ಪಾಸ್ ಹಾಕಿ. ನೀಲಿ ಬೆಳಕು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬಿಡಬೇಡಿ, ಅರ್ಧ ಗಂಟೆಗೊಮ್ಮೆ ಸಾಕು.

ಹೆಸರುಸರಿಯಾಗಲಿ

ತಳಿಯ ವಯಸ್ಸೂ ವಿಚಾರಿಸಿ. ಗ್ರಾನ್ಸ್‌ಡೆನ್ ಅಂದರೆ 1962ರಲ್ಲಿ ವೈಟ್‌ಹೌಸ್ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಿಂದ ತಂದದ್ದರ ವಂಶ. ದಶಕಗಳಿಂದ ಮಿಕ್ಸಿಯಲ್ಲಿ ಅರೆದು, ತುಂಡುಗಳಿಂದ ಎಬ್ಬಿಸಿ ಎಬ್ಬಿಸಿ ಕಾಪಾಡಿದ್ದಾರೆ. ಅಂದರೆ ನೀವು ಪರೀಕ್ಷಿಸುತ್ತಿರುವ ಗುಣದಿಂದಲೇ ಅದು ಉಳಿದುಬಂದಿದೆ. ಗಂಡು ಫಲವಂತಿಕೆ ಅದರಲ್ಲಿ ಕುಗ್ಗಿದೆ. 2006ರಲ್ಲಿ ಜರ್ಮನಿಯ ರಾಯ್ಟೆಯಲ್ಲಿ ಸಿಕ್ಕ ತಳಿ ಚೆನ್ನಾಗಿ ಬೀಜಕ ಕೊಡುತ್ತೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೆಲೆಯಿರುವ ಹೋಲಿಕೆ.

ತೇವದಗೋಡೆ

ಎಲ್ಲರಿಗೂ ಧನ್ಯವಾದ. ಎರಡನೇ ಸುತ್ತು ಹೀಗೆ ಮಾಡ್ತೇನೆ: ಪ್ರತಿ ಗಿಡದ ಅದೇ ಸ್ಥಾನದ ಎಲೆ, ಹಸಿ ಅಗಾರ್ ಮೇಲೆ ಹೊಸ ಬ್ಲೇಡಿನಲ್ಲಿ ಒಂದೇ ಒತ್ತು, ಫೋರ್ಸೆಪ್ಸ್ ಇಲ್ಲ, ಯುವಿ ಆರಿಸಿ ಕಾಲು ಗಂಟೆ ಬಿಟ್ಟು ಗಿಡ ಹೊರಗೆ. 24, 36, 48, 72 ಗಂಟೆಗೆ ಎಣಿಕೆ. ನಡುನರದ ಕೋಶ ಸೇರಿಸಬೇಕಾ?

ಬೆಂಚಿನಪಕ್ಕ

ಬೇಡ. ನಡುನರ ಒಂದೇ ಪದರ ಅಲ್ಲ, ಕೋಶಗಳೂ ಉದ್ದ, ಅಲ್ಲಿ ಯಾವ ಪದರದ್ದು ಎದ್ದಿತು ಅಂತ ತಿಳಿಯಲ್ಲ. ಅದರ ಎರಡೂ ಬದಿಯ ಹಾಳೆಭಾಗದ ಅಂಚಿನ ಜೀವಂತ ಕೋಶ ಎಷ್ಟು, ಉಬ್ಬಿದ್ದು ಎಷ್ಟು, ಅಡ್ಡಗೋಡೆ ಬಿದ್ದದ್ದು ಎಷ್ಟು, ಈ ಮೂರನ್ನೂ ಎಲೆಎಲೆಗೆ ಬೇರೆ ಬರೆದುಕೊಳ್ಳಿ. ಉಬ್ಬಿದ್ದು ಬಹಳ, ಗೋಡೆ ಬಿದ್ದದ್ದು ಕಡಿಮೆ ಅಂತ ಬಂದರೆ ಕೋಶಚಕ್ರದಲ್ಲಿ ತೊಡಕು. ಎರಡೂ ಕಡಿಮೆ ಅಂದರೆ ಕತ್ತರಿಸಿದ್ದರಲ್ಲೋ ತೇವದಲ್ಲೋ ತೊಡಕು.

ಎಳೆಎಳೆ

ಎಣಿಸುವಾಗ ಮುಚ್ಚಳ ತೆಗೆಯಬೇಡಿ. ಪ್ಲೇಟನ್ನು ತಲೆಕೆಳಗು ಮಾಡಿ ಅಗಾರ್ ಮೂಲಕ 10ರ ಆಬ್ಜೆಕ್ಟಿವ್‌ನಲ್ಲಿ ನೋಡಿದರೆ ಉಬ್ಬು ಸಲೀಸಾಗಿ ಕಾಣುತ್ತೆ, ಅದಕ್ಕೆ ಅಗಾರ್ ತೆಳ್ಳಗೆ ಸುರಿದಿರಬೇಕು. ಅಡ್ಡಗೋಡೆ ಎಣಿಕೆಗೆ ಮಾತ್ರ ಪ್ರತಿ ಹೊತ್ತಿಗೂ ಬೇರೆ ಪ್ಲೇಟಿನ ಎಲೆ ತೆಗೆದು ಗೋಡೆಗೆ ಬಣ್ಣ ಹಿಡಿಸುವ ಕ್ಯಾಲ್ಕೋಫ್ಲೋರ್ ಹಾಕಿ, ಆ ಎಲೆಯನ್ನು ವಾಪಸ್ ಇಡಬೇಡಿ.